ಕೊನೆಗೆ ಉಳಿದ ಆಟಗಾರ

ರಿಚರ್ಡ್ಸ್ ಟೌನಿನ ಅಡ್ಡರಸ್ತೆಗಳಲ್ಲಿ, ಶಾಲೆಗೆ ರಜೆ ಬಂದ ದಿನ, ಹುಡುಗರ ಕ್ರಿಕೆಟ್ ಶುರುವಾಗುವುದು ಮೊದಲ ಚೆಂಡಿನಿಂದಲ್ಲ; ತಂಡ ಹಂಚಿಕೊಳ್ಳುವ ಗದ್ದಲದಿಂದ. ದೊಡ್ಡ ಹುಡುಗರಿಬ್ಬರು ನಾಯಕರಾಗುತ್ತಾರೆ. ನಾಣ್ಯ ಮೇಲಕ್ಕೆ ಚಿಮ್ಮುತ್ತದೆ. ಗೆದ್ದವನು ಮೊದಲ ಹೆಸರು ಕೂಗುತ್ತಾನೆ, ಸೋತವನು ಎರಡನೆಯದು. ಹೀಗೆ ಸರದಿಯ ಮೇಲೆ ಒಬ್ಬೊಬ್ಬರೇ ಆಚೆ ಈಚೆ ಸರಿಯುತ್ತಾರೆ.

ಮೊದಲ ಎರಡು ಮೂರು ಹೆಸರಿಗೆ ಯಾರೂ ಯೋಚನೆ ಮಾಡುವುದಿಲ್ಲ. ಆಮೇಲೆ ನಾಯಕನ ಕಣ್ಣು ಎದುರಿಗೆ ನಿಂತವರನ್ನು ಮಾತ್ರವಲ್ಲ, ತನ್ನ ಬೆನ್ನ ಹಿಂದೆ ಬಂದು ಸೇರಿದವರನ್ನೂ ನೋಡತೊಡಗುತ್ತದೆ. ಬೌಲರ್‌ಗಳು ಇಬ್ಬರಾದರು, ಇನ್ನು ಕೀಪರ್ ಬೇಕು. ಅಷ್ಟರಲ್ಲಿ ಪಕ್ಕದವನು ಕಿವಿಯಲ್ಲಿ ಉಸುರುತ್ತಾನೆ: ‘ಅವನು ಬೇಡ ಕಣೋ, ಔಟಾದರೆ ಬ್ಯಾಟ್ ಎತ್ತಿಕೊಂಡು ಮನೆಗೆ ಹೋಗುತ್ತಾನೆ.’ ಕೊನೆಗೆ ಒಬ್ಬ ಹುಡುಗ ರಸ್ತೆ ಮಧ್ಯೆ ಒಂಟಿಯಾಗಿ ನಿಂತಿರುತ್ತಾನೆ. ಅವನು ಎಲ್ಲರಿಗಿಂತ ಕಳಪೆ ಆಟಗಾರನೇ ಆಗಿರಬೇಕೆಂದಿಲ್ಲ. ಆದರೆ ಆ ಹೊತ್ತಿಗೆ ಎಲ್ಲರಿಗೂ, ಅವನಿಗೂ ಸಹ, ಹಾಗೆ ಅನ್ನಿಸಿಬಿಟ್ಟಿರುತ್ತದೆ.

ಇದೇ ಆಟವನ್ನು ಕೋಟಿಗಟ್ಟಲೆ ಹಣವಿಟ್ಟು, ಟೀವಿ ಕ್ಯಾಮೆರಾಗಳ ಎದುರು ದೊಡ್ಡವರು ಆಡಿದರೆ ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಕನ್ನಡದಲ್ಲಿ ಸರದಿ ಆಯ್ಕೆ ಎನ್ನಬಹುದು. ಅದರ ಹತ್ತಿರದ ಸಂಬಂಧಿ ಹರಾಜು. ಎರಡರಲ್ಲೂ ಪ್ರತಿ ವರ್ಷ ಒಂದು ವಿಚಿತ್ರ ನಡೆಯುತ್ತದೆ. ಎಲ್ಲರೂ ಹೊಗಳುತ್ತಿದ್ದ ಆಟಗಾರನ ಹೆಸರನ್ನು ಯಾರೂ ಕೂಗುವುದಿಲ್ಲ. ಅವನು ಸರದಿಯಲ್ಲಿ ಕೆಳಕ್ಕೆ, ಇನ್ನೂ ಕೆಳಕ್ಕೆ ಜಾರುತ್ತಾನೆ. ಏಕೆ?

ಕಪ್ಪು ಹಲಗೆಯ ಮೇಲೆ ತೊಂಬತ್ತು ಹೆಸರು

ಈ ಪದ್ಧತಿ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿಯವರು ಫುಟ್‌ಬಾಲ್ ಎನ್ನುವುದು ಕಾಲಿನಲ್ಲಿ ಆಡುವ ನಮ್ಮ ಫುಟ್‌ಬಾಲನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಗೋಡೆಯನ್ನು ಭೇದಿಸಿಕೊಂಡು ಮುನ್ನುಗ್ಗುವ ಆಟ ಅದು.

1930ರ ದಶಕದಲ್ಲಿ ಅಲ್ಲಿನ ವೃತ್ತಿಪರ ಕ್ಲಬ್ಬುಗಳಲ್ಲಿ ಹಣವಿದ್ದವು ಒಳ್ಳೆಯ ಕಾಲೇಜು ಆಟಗಾರರನ್ನೆಲ್ಲ ಕೊಂಡುಕೊಳ್ಳುತ್ತಿದ್ದವು. ಬಡ ಕ್ಲಬ್ಬುಗಳು ಪ್ರತಿ ವರ್ಷ ಸೋಲುತ್ತಿದ್ದವು. ಫಿಲಡೆಲ್ಫಿಯ ಕ್ಲಬ್ಬಿನ ಮಾಲೀಕ ಬರ್ಟ್ ಬೆಲ್ ಒಂದು ಉಪಾಯ ಸೂಚಿಸಿದರು. ಹಿಂದಿನ ವರ್ಷ ಕಟ್ಟಕಡೆಯ ಸ್ಥಾನದಲ್ಲಿದ್ದ ತಂಡ ಮೊದಲು ಆಯ್ಕೆ ಮಾಡಲಿ, ಗೆದ್ದ ತಂಡ ಕೊನೆಗೆ ಮಾಡಲಿ ಎಂದರು. ಆ ವರ್ಷ ಕಟ್ಟಕಡೆಗೆ ಉಳಿದಿದ್ದದ್ದು ಅವರದೇ ತಂಡ! 1936ರ ಫೆಬ್ರುವರಿ 8ರಂದು ಫಿಲಡೆಲ್ಫಿಯದ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಕಪ್ಪು ಹಲಗೆಯ ಮೇಲೆ ತೊಂಬತ್ತು ಹೆಸರು ಬರೆಯಲಾಗಿತ್ತು. ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ವೃತ್ತಿಪರ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲ ಸಾಲಿನಲ್ಲಿ ಬಂದವರೆಲ್ಲ ಮೊದಲ ದರ್ಜೆಯವರಾಗಿ ಉಳಿಯುವುದಿಲ್ಲ ಎಂಬ ಪಾಠ ಅಂದೇ ಸಿಕ್ಕಿತ್ತು.

ಇಂದು ಅಲ್ಲಿ 32 ತಂಡಗಳಿವೆ, ಏಳು ಸುತ್ತಿನ ಆಯ್ಕೆ ಇದೆ. ಎಷ್ಟನೆಯ ಸರದಿಯಲ್ಲಿ ಕರೆದರು ಎಂಬುದರ ಮೇಲೆ ಹೊಸ ಆಟಗಾರನ ಸಂಬಳ ಹೆಚ್ಚುಕಡಿಮೆ ನಿಗದಿಯಾಗುತ್ತದೆ. ಆದ್ದರಿಂದ ಕೆಳಕ್ಕೆ ಜಾರುವುದೆಂದರೆ ಮಾನ ಮಾತ್ರವಲ್ಲ, ಹಣವೂ ಜಾರಿದಂತೆ.

ಹೀಗೆ ಜಾರುವುದರಲ್ಲಿ ಹೆಚ್ಚು ಸುದ್ದಿಯಾಗುವವನು ಕ್ವಾರ್ಟರ್‌ಬ್ಯಾಕ್. ತಂಡದ ಮೆದುಳು ಅವನು. ಪ್ರತಿ ದಾಳಿಯೂ ಅವನ ಕೈಯಿಂದಲೇ ಹೊರಡುತ್ತದೆ. ಚೆಂಡನ್ನು ಯಾರಿಗೆ, ಎಷ್ಟು ದೂರಕ್ಕೆ ಎಸೆಯಬೇಕೆಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವವನು ಅವನೇ. ಆದರೆ ಅವನ ಕಷ್ಟವೂ ಅಲ್ಲಿಯೇ ಇದೆ. ಮೈದಾನದಲ್ಲಿ ಒಂದು ಹೊತ್ತಿಗೆ ಒಬ್ಬ ಕ್ವಾರ್ಟರ್‌ಬ್ಯಾಕ್ ಸಾಕು. ಓಡುವವರು, ತಡೆಯುವವರು ಎಷ್ಟು ಮಂದಿ ಇದ್ದರೂ ಬೇಕಾಗುತ್ತಾರೆ. ಎರಡನೆಯ ಕ್ವಾರ್ಟರ್‌ಬ್ಯಾಕ್ ಬೆಂಚಿನ ಮೇಲೆ ಕೂರಬೇಕು. ನಾಟಕದ ಕಂಪನಿಗೆ ಇಬ್ಬರು ರಾಜಪಾರ್ಟಿನವರು ಬೇಕಿಲ್ಲದ ಹಾಗೆ.

2005ರಲ್ಲಿ ಆರನ್ ರಾಜರ್ಸ್ ಮೊದಲನೆಯವರಾಗಿಯೇ ಆಯ್ಕೆಯಾಗಬಹುದು ಎಂಬ ನಿರೀಕ್ಷೆಯಿತ್ತು. ಮೊದಲ ಸರದಿಯ ಸ್ಯಾನ್ ಫ್ರಾನ್ಸಿಸ್ಕೊ ತಂಡ ಇನ್ನೊಬ್ಬ ಕ್ವಾರ್ಟರ್‌ಬ್ಯಾಕನ್ನು ಕರೆಯಿತು. ಅದರ ಹಿಂದಿದ್ದ ತಂಡಗಳು ಒಂದೊಂದಾಗಿ ಬೇರೆ ಸ್ಥಾನದವರನ್ನು ಆರಿಸಿಕೊಂಡವು. ನಾಲ್ಕು ಗಂಟೆಗೂ ಹೆಚ್ಚು ಕಾಲ, ಕ್ಯಾಮೆರಾ ಮುಖದ ಮೇಲಿರುವಾಗಲೇ, ಅವರು ಕಾದು ಕುಳಿತರು. 24ನೆಯವರಾಗಿ ಅವರನ್ನು ಕರೆದ ಗ್ರೀನ್ ಬೇ ತಂಡದಲ್ಲಿ ಆಗಲೇ ಬ್ರೆಟ್ ಫಾರ್ವ್ ಎಂಬ ಹಿರಿಯ ಕ್ವಾರ್ಟರ್‌ಬ್ಯಾಕ್ ಇದ್ದರು. ಮೂರು ವರ್ಷ ಬೆಂಚು ಕಾದ ರಾಜರ್ಸ್ 2011ರ ಫೆಬ್ರುವರಿಯಲ್ಲಿ ಅದೇ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟರು.

ಇದಕ್ಕಿಂತ ದೊಡ್ಡ ಕತೆ ಟಾಮ್ ಬ್ರೇಡಿಯವರದು. 2000ದಲ್ಲಿ ಅವರಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಅವರ ಸರದಿ ಬಂದದ್ದು 199ಕ್ಕೆ. ಮೈ ತೆಳು, ಓಟ ನಿಧಾನ ಎಂಬುದು ಪರೀಕ್ಷಕರ ಟಿಪ್ಪಣಿ. ಎದುರಾಳಿಯ ಚಲನೆಯನ್ನು ಓದುವ ಕಣ್ಣನ್ನು, ಒತ್ತಡದಲ್ಲಿ ಕೈ ನಡುಗದಿರುವುದನ್ನು ಅಳೆಯಲು ಅವರ ಬಳಿ ಗಡಿಯಾರವೂ ಇರಲಿಲ್ಲ, ತಕ್ಕಡಿಯೂ ಇರಲಿಲ್ಲ. ಮರುವರ್ಷ ತಂಡದ ಹಿರಿಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡು ಹೊರಗುಳಿದಾಗ ಬ್ರೇಡಿಗೆ ಅವಕಾಶ ಒದಗಿತು. ಅವರು ನಿವೃತ್ತರಾಗುವ ಹೊತ್ತಿಗೆ ಏಳು ಸೂಪರ್ ಬೌಲ್ ಗೆದ್ದಿದ್ದರು.

ಇಷ್ಟಾದರೂ ತಂಡಗಳ ರೀತಿ ಬದಲಾಗಿಲ್ಲ. 2025ರ ಡ್ರಾಫ್ಟಿನಲ್ಲಿ ಮೊದಲ ಸುತ್ತಿಗೇ ಹೋಗಬಹುದೆಂದು ಹಲವರು ಹೇಳಿದ್ದ ಶೆಡೂರ್ ಸ್ಯಾಂಡರ್ಸ್ ಐದನೆಯ ಸುತ್ತಿನಲ್ಲಿ 144ನೆಯವರಾಗಿ ಆಯ್ಕೆಯಾದರು. ಸಂದರ್ಶನಗಳಲ್ಲಿ ಅವರ ನಡೆ ಕೆಲವು ತಂಡಗಳಿಗೆ ಹಿಡಿಸಲಿಲ್ಲವೆಂಬ ಮಾತು ಹರಿದಾಡಿತ್ತು.

ಸಂಜೆಯ ಸೊಪ್ಪು

ಈ ಜಾರುವಿಕೆಯ ಗುಟ್ಟು ತಿಳಿಯಲು ಅಮೆರಿಕದವರೆಗೆ ಹೋಗಬೇಕಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಸುತ್ತ ಸಂಜೆ ಒಮ್ಮೆ ಅಡ್ಡಾಡಿದರೆ ಸಾಕು. ಬೆಳಿಗ್ಗೆ ಚೌಕಾಶಿಗೂ ಬಗ್ಗದ ಸೊಪ್ಪು ಕತ್ತಲಾಗುವ ಹೊತ್ತಿಗೆ ಅರ್ಧ ಬೆಲೆಗೆ ಬಂದಿರುತ್ತದೆ. ಸೊಪ್ಪು ಸ್ವಲ್ಪ ಬಾಡಿರಬಹುದು, ನಿಜ. ಆದರೆ ಮುಖ್ಯವಾಗಿ ಕೊಳ್ಳಬೇಕಾದವರು ಕೊಂಡಾಗಿದೆ, ಅವರ ಚೀಲ ತುಂಬಿದೆ, ಕಿಸೆ ಹಗುರವಾಗಿದೆ.

ಆಟಗಾರರ ಸಂತೆಯಲ್ಲೂ ಮೂರು ಸಂಗತಿಗಳು ಹೀಗೆಯೇ ಕೂಡಿ ಕೆಲಸ ಮಾಡುತ್ತವೆ. ಮೊದಲನೆಯದು ಖಾಲಿ ಜಾಗ. ತಂಡ ಕೊಳ್ಳುವುದು ಅತ್ಯುತ್ತಮ ಆಟಗಾರನನ್ನಲ್ಲ, ತನ್ನಲ್ಲಿ ಇಲ್ಲದ ಆಟಗಾರನನ್ನು. ಎರಡನೆಯದು ಪಿಸುಮಾತು. ಮಂಡಿ ನೋವಂತೆ, ಮಾತು ಕೇಳುವುದಿಲ್ಲವಂತೆ ಎಂಬ ‘ಅಂತೆ’ಗಳಿಗೆ ಸಾಕ್ಷಿ ಬೇಕಿಲ್ಲ. ಮೂರನೆಯದು ಎಲ್ಲಕ್ಕಿಂತ ಕ್ರೂರವಾದದ್ದು: ಜಾರುವಿಕೆಯೇ ಮತ್ತಷ್ಟು ಜಾರುವಿಕೆಗೆ ಕಾರಣವಾಗುತ್ತದೆ. ಐದು ತಂಡಗಳು ಒಬ್ಬನನ್ನು ಬಿಟ್ಟವೆಂದರೆ ಆರನೆಯ ತಂಡ ಅವನ ಆಟವನ್ನು ಮರೆತು, ತನಗೆ ಗೊತ್ತಿಲ್ಲದ್ದು ಆ ಐವರಿಗೆ ಏನು ಗೊತ್ತಿರಬಹುದು ಎಂದು ಯೋಚಿಸುತ್ತದೆ. ಮದುವೆ ಮಾರುಕಟ್ಟೆಯಲ್ಲಿ ನಾಲ್ಕು ಸಂಬಂಧ ತಪ್ಪಿದ ಮನೆಯ ಬಗ್ಗೆ ಐದನೆಯವರು ಆಡಿಕೊಳ್ಳುವ ಹಾಗೆ. ಮೊದಲ ತಂಡ ತನ್ನಲ್ಲಿ ಜಾಗವಿಲ್ಲವೆಂದು ಬಿಟ್ಟಿರುತ್ತದೆ. ಆರನೆಯದು ಅವನಲ್ಲಿ ಐಬಿದೆಯೆಂದು ಬಿಡುತ್ತದೆ.

ದಂಡಿನಿಂದ ಕಲ್ಕತ್ತೆಗೆ

ಬೆಂಗಳೂರಿನ ದಂಡು ಪ್ರದೇಶಕ್ಕೆ ಆಟಗಾರರನ್ನು ಹೊರಗಿನವರು ಬಂದು ಆರಿಸಿಕೊಂಡು ಹೋಗುವುದು ಹೊಸದಲ್ಲ. ಬ್ರಿಟಿಷ್ ಸೈನಿಕರು ತಂದ ಫುಟ್‌ಬಾಲ್ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್‌ಗಳ ಓಣಿಗಳಲ್ಲಿ ಬೇರೂರಿತು. ಹಲಸೂರಿನ ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆಯ ಪ್ರತಿಮೆಯೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಪಂದ್ಯದಲ್ಲಿ ನಮ್ಮ ಕಡೆಯ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮವರಲ್ಲಿ ಹೆಚ್ಚಿನವರು ಅಂದು ಬರಿಗಾಲಿನಲ್ಲಿ ಆಡಿದ್ದರು.

ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅಲ್ಲಿ ಮುಂಚೂಣಿಯಲ್ಲಿ ಆಡುತ್ತಿದ್ದ ಐವರನ್ನು ಜನ ಪಂಚಪಾಂಡವರೆಂದು ಕರೆದರು. ಅಹ್ಮದ್ ಖಾನ್ ಮತ್ತು ಧನರಾಜ್ ಆ ಐವರಲ್ಲಿದ್ದರು. ಆಗ ಡ್ರಾಫ್ಟ್ ಇರಲಿಲ್ಲ, ಸರದಿಯೂ ಇರಲಿಲ್ಲ. ಆಟ ಕಣ್ಣಿಗೆ ಬೀಳಬೇಕು, ಮಾತು ಬಾಯಿಂದ ಬಾಯಿಗೆ ಹೋಗಬೇಕು, ಕ್ಲಬ್ಬಿನವರು ಬಂದು ಒಪ್ಪಿಸಬೇಕು. ಕಣ್ಣಿಗೆ ಬೀಳದವರು ಗೌತಮಪುರದ ಮೈದಾನದಲ್ಲೇ ಆಡಿ ಮುದುಕರಾದರು. ಅವರು ಎಷ್ಟನೆಯ ಸರದಿಗೆ ಜಾರಿದರೆಂದು ಯಾರೂ ಲೆಕ್ಕ ಇಡಲಿಲ್ಲ. ಡ್ರಾಫ್ಟ್ ಪದ್ಧತಿ ಅನ್ಯಾಯವನ್ನು ಹುಟ್ಟಿಸಲಿಲ್ಲ. ಮೊದಲೇ ಇದ್ದದ್ದನ್ನು ಅಂಕಿಯಲ್ಲಿ ಬರೆದು ಎಲ್ಲರಿಗೂ ತೋರಿಸಿತು.

ಆ ಪದ್ಧತಿ ಭಾರತದ ಫುಟ್‌ಬಾಲ್‌ಗೂ ಬಂತು. ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಆರಂಭವಾದಾಗ ದೇಶೀಯ ಆಟಗಾರರ ಡ್ರಾಫ್ಟ್ ನಡೆಯಿತು. ಬೆಂಗಳೂರು ಎಫ್‌ಸಿ ಆ ಲೀಗಿಗೆ ಸೇರಿದ 2017ರ ಜುಲೈನಲ್ಲಿ ಮತ್ತೆ ಮುಂಬೈಯಲ್ಲಿ ನಡೆಯಿತು. ಅಲ್ಲಿ ಆಟಗಾರರ ಬೆಲೆ ಮೊದಲೇ ನಿಗದಿಯಾಗಿತ್ತು. ಕೂಗಿ ಏರಿಸುವಂತಿಲ್ಲ, ಇಳಿಸುವಂತಿಲ್ಲ. ಹೀಗಾಗಿ ದುಬಾರಿ ಆಟಗಾರನನ್ನು ಕರೆಯುವ ಮುನ್ನ ತಂಡಗಳು ಎರಡು ಸಲ ಯೋಚಿಸಬೇಕಿತ್ತು. ಬೆಂಗಳೂರು ತನ್ನ ಹಿರಿಯರಲ್ಲಿ ಸುನಿಲ್ ಚೆಟ್ರಿ ಮತ್ತು ಉದಾಂತ ಸಿಂಗ್ ಅವರನ್ನು ಮಾತ್ರ ಉಳಿಸಿಕೊಂಡಿತ್ತು. ತಂಡದ ಮಧ್ಯಮೈದಾನದ ಆಧಾರವಾಗಿದ್ದ ಯೂಜೀನ್ಸನ್ ಲಿಂಗ್ಡೊ 1.10 ಕೋಟಿ ರೂಪಾಯಿಗೆ ಕೋಲ್ಕತ್ತದ ಪಾಲಾದರು. ಅರವತ್ತೆಂಟು ವರ್ಷಗಳ ಹಿಂದೆ ಅಹ್ಮದ್ ಖಾನ್ ಹೋದ ದಾರಿಯಲ್ಲೇ, ಆದರೆ ಈ ಸಲ ಸರದಿಯ ಪ್ರಕಾರ. ಮರು ತಿಂಗಳು, ಆಗಸ್ಟ್ 27ರಂದು, ಅಹ್ಮದ್ ಖಾನ್ ಬೆಂಗಳೂರಿನಲ್ಲಿ ತೀರಿಕೊಂಡರು.

ದೆಹಲಿ ಬಿಟ್ಟದ್ದು, ಬೆಂಗಳೂರು ಹಿಡಿದದ್ದು

ಕ್ರಿಕೆಟ್ಟಿನಲ್ಲಿ ಇಂಥ ಸರದಿ ಆಯ್ಕೆ ಒಮ್ಮೆ ನಡೆದದ್ದು ಹೆಚ್ಚು ಜನರಿಗೆ ನೆನಪಿಲ್ಲ. ಅದರ ಫಲ ಮಾತ್ರ ಬೆಂಗಳೂರಿನ ಮನೆಮನೆಗೂ ಗೊತ್ತು. 2008ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ನಡೆದ ಐಪಿಎಲ್‌ನ ಮೊದಲ ಹರಾಜಿನಲ್ಲಿ 19 ವರ್ಷದೊಳಗಿನ ಹುಡುಗರನ್ನು ಸೇರಿಸಿರಲಿಲ್ಲ. ಮಾರ್ಚ್ 2ರಂದು ಭಾರತದ ಹುಡುಗರು ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದರು. ನಾಯಕ ವಿರಾಟ್ ಕೊಹ್ಲಿ, ದೆಹಲಿಯ ಹುಡುಗ. ಅವರನ್ನು ಹಂಚಿಕೊಳ್ಳಲು ಐಪಿಎಲ್ ತಂಡಗಳು ಡ್ರಾಫ್ಟ್ ನಡೆಸಿದಾಗ ಮೊದಲು ಕರೆಯುವ ಅವಕಾಶ ಸಿಕ್ಕಿದ್ದು ದೆಹಲಿಗೇ.

ದೆಹಲಿ ಕರೆದದ್ದು ಪ್ರದೀಪ್ ಸಾಂಗ್ವಾನ್ ಎಂಬ ಎಡಗೈ ವೇಗದ ಬೌಲರನ್ನು. ಆ ತಂಡದಲ್ಲಿ ಆಗಲೇ ಸೆಹ್ವಾಗ್, ಗಂಭೀರ್, ಧವನ್, ಡಿವಿಲಿಯರ್ಸ್ ಇದ್ದರು. ಇನ್ನೊಬ್ಬ ಬ್ಯಾಟ್ಸ್‌ಮನ್ ಅವರಿಗೆ ಬೇಕಿರಲಿಲ್ಲ. ಕೊಹ್ಲಿ ಬೆಂಗಳೂರಿಗೆ ಬಂದರು. ಒಂದು ಋತುವೂ ಬೇರೆ ತಂಡಕ್ಕೆ ಆಡಲಿಲ್ಲ. 2025ರ ಜೂನ್ 3ರಂದು ಬೆಂಗಳೂರು ಮೊದಲ ಬಾರಿಗೆ ಪ್ರಶಸ್ತಿ ಗೆದ್ದಾಗಲೂ ಅವರು ತಂಡದಲ್ಲಿದ್ದರು. ಇಂದು ದೆಹಲಿಯ ತೀರ್ಮಾನವನ್ನು ನೋಡಿ ನಗುವುದು ಸುಲಭ. ಆದರೆ 2008ರ ಮಾರ್ಚಿನಲ್ಲಿ ಕುಳಿತು ನೋಡಿದರೆ ಅದು ಲೆಕ್ಕ ತಪ್ಪಿದ ತೀರ್ಮಾನವಲ್ಲ. ರಿಚರ್ಡ್ಸ್ ಟೌನಿನ ಹುಡುಗ ಕೀಪರನ್ನು ಹುಡುಕಿದ ಹಾಗೆಯೇ ಅವರೂ ತಮ್ಮ ಖಾಲಿ ಜಾಗವನ್ನು ತುಂಬಿಕೊಂಡರು. ಅವರ ಲೆಕ್ಕದಲ್ಲಿ ಇಲ್ಲದಿದ್ದದ್ದು ಹುಡುಗನ ಮುಂದಿನ ಹದಿನೇಳು ವರ್ಷ.

ಹರಾಜಿನಲ್ಲಿ ಜಾರುವ ಬಗೆ ಸ್ವಲ್ಪ ಬೇರೆ. ಇಲ್ಲಿ ಹೆಸರುಗಳು ಕಂತು ಕಂತಾಗಿ ಬರುತ್ತವೆ. ಮೊದಲ ಕಂತುಗಳ ಹೊತ್ತಿಗೆ ಎಲ್ಲರ ಥೈಲಿಯೂ ತುಂಬಿರುತ್ತದೆ. ಕೆಲವು ತಂಡಗಳು ಆಗ ಕೈ ಬಿಗಿಹಿಡಿದು ಕಾಯುತ್ತವೆ, ಕೆಲವು ಒಬ್ಬನ ಮೇಲೆಯೇ ಅರ್ಧ ಹಣ ಸುರಿಯುತ್ತವೆ. ಒಂದು ತಂಡದಲ್ಲಿ ಹೆಚ್ಚೆಂದರೆ 25 ಆಟಗಾರರು, ಅವರಲ್ಲಿ ವಿದೇಶಿಯರು ಎಂಟು. ಮೊದಲ ಸುತ್ತಿನಲ್ಲಿ ಯಾರೂ ಕೂಗದ ಹೆಸರನ್ನು ತಂಡಗಳು ಕೇಳಿಕೊಂಡರೆ ಮಾತ್ರ ಕೊನೆಯ ಅವಸರದ ಸುತ್ತಿಗೆ ಮತ್ತೆ ತರಲಾಗುತ್ತದೆ. ಜೊತೆಗೆ ಆಟಗಾರ ತಾನೇ ಹೇಳುವ ಕನಿಷ್ಠ ಬೆಲೆಯೂ ಮುಳುವಾಗಬಹುದು. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ನಡೆದ ಹರಾಜಿನಲ್ಲಿ ಎರಡು ಕೋಟಿ ರೂಪಾಯಿ ಕನಿಷ್ಠ ಬೆಲೆಯಿಟ್ಟ ಇಶಾಂತ್ ಶರ್ಮ ಅವರನ್ನು ಯಾರೂ ಕೊಳ್ಳಲಿಲ್ಲ. ಅದೇ ದಿನ 20 ಲಕ್ಷಕ್ಕೆ ಹೆಸರು ಕೊಟ್ಟಿದ್ದ ಮೊಹಮ್ಮದ್ ಸಿರಾಜ್ 2.6 ಕೋಟಿಗೆ ಹೋದರು. ಬೆಲೆ ಕಡಿಮೆ ಇಟ್ಟವನಿಗೆ ಒಬ್ಬ ಕೈ ಎತ್ತಿದರೆ ಇನ್ನೊಬ್ಬನೂ ಎತ್ತುತ್ತಾನೆ. ಹೆಚ್ಚು ಇಟ್ಟವನಿಗೆ ಮೊದಲ ಕೈಯೇ ಏಳುವುದಿಲ್ಲ.

2011ರ ಜನವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಹರಾಜಿನಲ್ಲಿ ಕ್ರಿಸ್ ಗೇಲ್ ಅವರ ಹೆಸರಿಗೂ ಯಾವ ಕೈಯೂ ಏಳಲಿಲ್ಲ. ವೆಸ್ಟ್ ಇಂಡೀಸ್ ತಂಡದ ಕೆಲಸ ಬಿಟ್ಟು ಪೂರ್ತಿ ಋತು ಸಿಗುವರೋ ಇಲ್ಲವೋ ಎಂಬ ಅನುಮಾನವಿತ್ತು. ಏಪ್ರಿಲ್‌ನಲ್ಲಿ ಬೆಂಗಳೂರು ತಂಡದ ಬೌಲರ್ ಡರ್ಕ್ ನಾನಸ್ ಗಾಯಗೊಂಡರು. ಬದಲಿಯಾಗಿ ಬಂದ ಗೇಲ್ ಮೊದಲ ಪಂದ್ಯದಲ್ಲೇ, ಈಡನ್ ಗಾರ್ಡನ್ಸ್‌ನಲ್ಲಿ, ತಮ್ಮ ಹಳೆಯ ಕೋಲ್ಕತ್ತ ತಂಡದ ವಿರುದ್ಧ ಔಟಾಗದೆ 102 ರನ್ ಹೊಡೆದರು. ಆ ಋತುವಿನಲ್ಲಿ ಅವರದು 608 ರನ್, ಎಲ್ಲರಿಗಿಂತ ಹೆಚ್ಚು. ಬ್ರೇಡಿಗೂ ಗೇಲ್‌ಗೂ ಬಾಗಿಲು ತೆರೆದದ್ದು ಒಂದೇ ಕೈ. ಬೇರೊಬ್ಬ ಆಟಗಾರನ ಗಾಯ.

ಹಲಸೂರಿನಲ್ಲಿ ಓದಿದ ಹುಡುಗ

ಆದರೆ ಜಾರುವಿಕೆಯ ಪೂರ್ಣ ಕತೆ ಕಾಣಬೇಕಾದರೆ ರಿಚರ್ಡ್ಸ್ ಟೌನಿನಿಂದ ಹೆಚ್ಚು ದೂರವಿಲ್ಲದ ಹಲಸೂರಿನ ಕೇಂಬ್ರಿಡ್ಜ್ ರಸ್ತೆಗೆ ಬರಬೇಕು. ಅಲ್ಲಿನ ಫ್ರಾಂಕ್ ಆಂಟನಿ ಪಬ್ಲಿಕ್ ಶಾಲೆಯಲ್ಲಿ ಓದಿದವರು ಕರುಣ್ ನಾಯರ್.

2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328 ರನ್ ಗಳಿಸಿ ಕರ್ನಾಟಕವನ್ನು ಗೆಲ್ಲಿಸಿದವರಲ್ಲಿ ಅವರು ಮುಖ್ಯರು. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಸೆಹ್ವಾಗ್ ಬಿಟ್ಟರೆ ತ್ರಿಶತಕ ಹೊಡೆದ ಭಾರತೀಯ ಅವರೊಬ್ಬರೇ, ಅದೂ ತಮ್ಮ ಮೂರನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ. ಮುಂದಿನ ಟೆಸ್ಟ್‌ನಲ್ಲಿ ಅವರಿಗೆ ಜಾಗವಿರಲಿಲ್ಲ. ಗಾಯದಿಂದ ಹೊರಗಿದ್ದ ಅಜಿಂಕ್ಯ ರಹಾನೆ ಮರಳಿ ಬಂದಿದ್ದರು. ಖಾಲಿ ಜಾಗದ ನಿಯಮ ಇಲ್ಲಿಯೂ ಅದೇ. 2017ರ ಮಾರ್ಚಿನ ನಂತರ ಎಂಟು ವರ್ಷ ಅವರು ಟೆಸ್ಟ್ ಆಡಲಿಲ್ಲ.

ಹರಾಜಿನ ಮೆಟ್ಟಿಲುಗಳಲ್ಲಿ ಅವರ ಇಳಿತ ಸ್ಪಷ್ಟವಾಗಿ ಕಾಣುತ್ತದೆ. 2018ರಲ್ಲಿ ಪಂಜಾಬ್ ತಂಡ 5.6 ಕೋಟಿ ಕೊಟ್ಟಿತು. 2021ರಲ್ಲಿ ಕೋಲ್ಕತ್ತ ಕೊಟ್ಟದ್ದು 50 ಲಕ್ಷ. 2022ರಲ್ಲಿ ರಾಜಸ್ಥಾನ 1.4 ಕೋಟಿಗೆ ಕೊಂಡು ಅದೇ ವರ್ಷ ಕೈಬಿಟ್ಟಿತು. ಅದೇ ಹೊತ್ತಿಗೆ ಕರ್ನಾಟಕ ತಂಡದಲ್ಲೂ ಸ್ಥಾನ ಹೋಯಿತು. ಆ ಡಿಸೆಂಬರ್‌ನಲ್ಲಿ ಅವರು ಕ್ರಿಕೆಟ್ಟನ್ನೇ ಉದ್ದೇಶಿಸಿ, ಇನ್ನೊಂದು ಅವಕಾಶ ಕೊಡು ಎಂದು ಸಾಮಾಜಿಕ ಜಾಲತಾಣದಲ್ಲಿ ಒಂದು ಸಾಲು ಬರೆದದ್ದು ದೇಶಕ್ಕೆಲ್ಲ ಗೊತ್ತಾಯಿತು. 2023ರಲ್ಲಿ ಕೆ.ಎಲ್. ರಾಹುಲ್ ಗಾಯಗೊಂಡಾಗ ಲಖನೌ ತಂಡ ಬದಲಿಯಾಗಿ ಕರೆಯಿತು; ಪಂದ್ಯ ಆಡಿಸಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ದುಬೈಯಲ್ಲಿ ನಡೆದ ಹರಾಜಿನ ಮೊದಲ ಕಂತಿನಲ್ಲೇ ಅವರ ಹೆಸರು ಬಂತು. ಕನಿಷ್ಠ ಬೆಲೆ 50 ಲಕ್ಷ. ಎಲ್ಲರ ಬಳಿ ಹಣವಿತ್ತು. ಯಾರೂ ಕೈ ಎತ್ತಲಿಲ್ಲ.

ಅವರ ಆಟ ಕೆಟ್ಟಿತ್ತೆಂದು ಅಲ್ಲ. ಮೂವತ್ತು ದಾಟಿದ ವಯಸ್ಸು, ಟೆಸ್ಟ್ ಬ್ಯಾಟ್ಸ್‌ಮನ್ ಎಂಬ ಹಣೆಪಟ್ಟಿ, ಹಿಂದಿನ ತಂಡಗಳು ಬಿಟ್ಟವೆಂಬ ದಾಖಲೆ. ಇವು ಮೂರೂ ಒಟ್ಟಿಗೆ ತೂಗಿದವು. ತ್ರಿಶತಕವೂ ಇಲ್ಲಿ ನೆರವಾಗಲಿಲ್ಲ. ಐದು ದಿನದ ಆಟದ ದೊಡ್ಡ ಮೊತ್ತ ಇಪ್ಪತ್ತು ಓವರಿನ ಸಂತೆಯಲ್ಲಿ ಚಲಾವಣೆಯಾಗದ ನಾಣ್ಯ.

ಅವರು ವಿದರ್ಭಕ್ಕೆ ಹೋದರು. ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರ್ ಕೌಂಟಿಗೂ ಆಡಿದರು. 2024ರ ನವೆಂಬರ್‌ನಲ್ಲಿ ಜೆಡ್ಡಾದ ಹರಾಜಿನಲ್ಲಿ ದೆಹಲಿ 50 ಲಕ್ಷಕ್ಕೆ ಕೊಂಡಿತು. ಅದಾದ ಮೇಲೆ ಬಂತು ಅವರ ಹೊಳೆಯುವ ಕಾಲ: ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕ, ಒಟ್ಟು 779 ರನ್. ಎಂಟು ಇನಿಂಗ್ಸ್‌ನಲ್ಲಿ ಔಟಾದದ್ದು ಎರಡೇ ಸಲ. ಹರಾಜು ಎರಡು ತಿಂಗಳು ತಡವಾಗಿ ನಡೆದಿದ್ದರೆ ಬೆಲೆ ಏನಾಗುತ್ತಿತ್ತೋ! ವಿಧಿಯ ಆಟವೆಂಬಂತೆ 2025ರ ಜನವರಿಯ ಫೈನಲ್‌ನಲ್ಲಿ ಅವರ ವಿದರ್ಭವನ್ನು ಸೋಲಿಸಿದ್ದು ಕರ್ನಾಟಕವೇ. ಮುಂದಿನ ತಿಂಗಳು ಆರಂಭವಾದ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135 ರನ್ ಗಳಿಸಿ ಅವರು ವಿದರ್ಭಕ್ಕೆ ಟ್ರೋಫಿ ತಂದುಕೊಟ್ಟರು. ಏಪ್ರಿಲ್ 13ರಂದು ದೆಹಲಿಯ ಪರ ಮುಂಬೈ ವಿರುದ್ಧ 40 ಚೆಂಡುಗಳಲ್ಲಿ 89 ಹೊಡೆದದ್ದು ಏಳು ವರ್ಷಗಳ ನಂತರ ಐಪಿಎಲ್‌ನಲ್ಲಿ ಅವರ ಮೊದಲ ಅರ್ಧಶತಕ. ಜೂನ್‌ನಲ್ಲಿ ಭಾರತದ ಟೆಸ್ಟ್ ಟೋಪಿ ಮತ್ತೆ ತಲೆಗೇರಿತು.

ಸಿನಿಮಾ ಆಗಿದ್ದರೆ ಕತೆ ಇಲ್ಲಿ ಮುಗಿಯಬೇಕಿತ್ತು. ಇಂಗ್ಲೆಂಡಿನ ಆ ಪ್ರವಾಸದಲ್ಲಿ ನಾಲ್ಕು ಟೆಸ್ಟ್‌ಗಳಲ್ಲಿ ಅವರು ಗಳಿಸಿದ್ದು 205 ರನ್, ಒಂದೇ ಅರ್ಧಶತಕ. ಮುಂದಿನ ಸರಣಿಗೆ ಅವರನ್ನು ಆರಿಸಲಿಲ್ಲ. ಎರಡನೆಯ ಅವಕಾಶ ಸಿಕ್ಕವರೆಲ್ಲ ಬ್ರೇಡಿಯಾಗುವುದಿಲ್ಲ. 199ನೆಯ ಸರದಿಯಲ್ಲಿ ಆಯ್ಕೆಯಾದ ಬಹುಪಾಲು ಹುಡುಗರ ಹೆಸರು ಇಂದು ಯಾರಿಗೂ ನೆನಪಿಲ್ಲ. ಕೊಳ್ಳುವವರ ಲೆಕ್ಕ ಎಷ್ಟೋ ಸಲ ಸರಿಯೇ ಇರುತ್ತದೆ. ಆದರೆ ಆ ಲೆಕ್ಕ ಯಾವುದರದು ಎಂಬುದನ್ನು ಮರೆಯಬಾರದು. ಅದು ಆ ದಿನದ, ಆ ತಂಡದ ಖಾಲಿ ಜಾಗದ ಲೆಕ್ಕ. ಅದನ್ನೇ ಮನುಷ್ಯನ ಬೆಲೆಯೆಂದು ಓದಿಕೊಂಡಾಗ ತಪ್ಪು ಶುರುವಾಗುತ್ತದೆ. ಓದುವವರು ತಂಡಗಳಷ್ಟೇ ಅಲ್ಲ, ಪ್ರೇಕ್ಷಕರೂ ಹೌದು. ಎಷ್ಟೋ ಸಲ ಆ ಆಟಗಾರನೂ ಹಾಗೆಯೇ ಓದಿಕೊಳ್ಳುತ್ತಾನೆ.

ಸೂರ್ಯ ಬೇಕೋ, ಚಂದ್ರ ಬೇಕೋ?

ಕರ್ನಾಟಕದ ಹಳ್ಳಿಗಳಲ್ಲಿ ಚಿಣ್ಣಿದಾಂಡು, ಕಬಡ್ಡಿ ಆಡುವ ಹುಡುಗರಿಗೆ ತಂಡ ಹಂಚಿಕೊಳ್ಳುವ ಇನ್ನೊಂದು ರೀತಿ ಗೊತ್ತು. ಸರಿಸಮ ಆಡುವ ಇಬ್ಬಿಬ್ಬರು ಜೋಡಿಯಾಗಿ, ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗುತ್ತಾರೆ. ಗುಟ್ಟಾಗಿ ಒಬ್ಬ ಸೂರ್ಯನಾಗುತ್ತಾನೆ, ಒಬ್ಬ ಚಂದ್ರನಾಗುತ್ತಾನೆ. ಮರಳಿ ಬಂದು ನಾಯಕರನ್ನು ಕೇಳುತ್ತಾರೆ: ಸೂರ್ಯ ಬೇಕೋ, ಚಂದ್ರ ಬೇಕೋ? ಯಾರು ಯಾರೆಂದು ತಿಳಿಯದೆ ನಾಯಕ ಒಂದನ್ನು ಹೇಳಬೇಕು. ತಂಡಗಳೂ ಸಮನಾಗುತ್ತವೆ, ಯಾರೂ ಕೊನೆಗೆ ಉಳಿಯುವುದಿಲ್ಲ.

ಬರ್ಟ್ ಬೆಲ್ 1936ರಲ್ಲಿ ಹುಡುಕಿದ್ದೂ ತಂಡಗಳನ್ನು ಸಮನಾಗಿಸುವ ದಾರಿಯನ್ನೇ. ತಂಡಗಳ ನಡುವಿನ ನ್ಯಾಯ ಅವರಿಗೆ ಸಿಕ್ಕಿತು. ಆಟಗಾರನ ಮಾನದ ಪ್ರಶ್ನೆ ಹಾಗೇ ಉಳಿಯಿತು. ಕೋಟಿಗಳ ವ್ಯವಹಾರದಲ್ಲಿ ಸೂರ್ಯ ಚಂದ್ರರಿಗೆ ಜಾಗವಿಲ್ಲ, ಕೊಳ್ಳುವವನಿಗೆ ಸರಕಿನ ಹೆಸರು ತಿಳಿಯಲೇಬೇಕು. ರಿಚರ್ಡ್ಸ್ ಟೌನಿನ ರಸ್ತೆಯಲ್ಲಾದರೆ ಅಂಥ ನಿರ್ಬಂಧವೇನಿಲ್ಲ. ಕೊನೆಗೆ ಉಳಿದ ಹುಡುಗ ಈಗ ಯಾವುದೋ ಒಂದು ತಂಡಕ್ಕೆ ಸೇರಿ, ಎಲ್ಲರಿಗಿಂತ ದೂರದಲ್ಲಿ, ಕಾಂಪೌಂಡ್ ಗೋಡೆಯ ಪಕ್ಕ ಫೀಲ್ಡಿಂಗ್‌ಗೆ ನಿಂತಿದ್ದಾನೆ. ಚೆಂಡು ಆ ಕಡೆ ಬಂದಾಗ ಅವನು ಹಿಡಿದರೆ, ಮುಂದಿನ ಭಾನುವಾರ ಅವನ ಹೆಸರು ಒಂದೆರಡು ಸರದಿ ಮೊದಲೇ ಕೇಳಿಬರಬಹುದು.